ಮೆಹಕರದ ಕಲ್ಲಿನಲ್ಲಿ ಸೀಸ

ಪರದೆಯ ಮೇಲೆ ಇನ್ನೂರ ಎಂಟರ ಗೆರೆ ಏರತೊಡಗಿದಾಗ ಯಂತ್ರ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಪ್ಪ ಎಂದು ಬೇಡಿಕೊಂಡೆ ಅಂದರೆ ಹೆಚ್ಚು ಸರಿ. ಇನ್ನೂರ ಎಂಟು ಸೀಸದ ಪರಮಾಣುವಿನ ತೂಕ. ಸೀಸ ಸಿಕ್ಕ ನೀರನ್ನು ಮನುಷ್ಯರು ಕುಡಿಯುವಂತಿಲ್ಲ. ಭಾಲ್ಕಿ ತಾಲೂಕಿನ ಮೆಹಕರದಲ್ಲಿ ಆ ಓಣಿಗೆಲ್ಲ ನೀರು ಉಳಿದಿದ್ದುದು ಅದೊಂದೇ ಬಾವಿಯಲ್ಲಿ.

ಸತತ ಎರಡನೆಯ ವರ್ಷ ಮಳೆ ಕೈಕೊಟ್ಟಿತ್ತು. ಮಾಂಜರಾ ನದಿಯ ಪಾತ್ರದಲ್ಲಿ ದನ ಮೇಯುತ್ತಿದ್ದವು. ಬೀದರಿನ ನಮ್ಮ ಪ್ರಯೋಗಾಲಯಕ್ಕೆ ದಿನವೂ ಕೊಳವೆಬಾವಿಗಳ ನೀರು ಶೀಸೆಗಳಲ್ಲಿ ಬರುತ್ತಿತ್ತು. ತಳದ ನೀರಿನಲ್ಲಿ ವಿಷಲೋಹ ಇದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಅದಕ್ಕೆಂದೇ ಒಂದು ಮಾಸ್ ಸ್ಪೆಕ್ಟ್ರೋಮೀಟರ್ ಇತ್ತು. ನೀರನ್ನು ತುಂತುರು ಮಾಡಿ ಆರ್ಗಾನ್ ಅನಿಲದ ಉರಿಗೆ ಊದಿದರೆ ಅದರಲ್ಲಿರುವುದೆಲ್ಲ ಒಡೆದು ಬಿಡಿಬಿಡಿ ಪರಮಾಣುಗಳಾಗುತ್ತದೆ. ಯಂತ್ರ ಅವನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುತ್ತದೆ. ಕಲ್ಲನ್ನೂ ಹೀಗೇ ನೋಡಬಹುದು, ಮೊದಲು ಆಮ್ಲದಲ್ಲಿ ಕರಗಿಸಬೇಕು ಅಷ್ಟೆ. ಕರಗಿಸಿದ ಚೂರು ಮತ್ತೆ ಕೈಗೆ ಬರುವುದಿಲ್ಲ.

ಮೆಹಕರದಿಂದ ಬಂದದ್ದು ನೀರೂ ಹೌದು, ಕಲ್ಲೂ ಹೌದು. ಹದಿನೈದು ದಿನದ ಹಿಂದೆ ಒಂದು ಮುಂಜಾನೆ ದೊಡ್ಡ ಸದ್ದಾಗಿ, ತೆಂಗಿನಕಾಯಿ ಗಾತ್ರದ ಕಪ್ಪು ಕಲ್ಲೊಂದು ಆ ಬಾವಿಯಿಂದ ಹತ್ತು ಹೆಜ್ಜೆಯ ಹೊಲದಲ್ಲಿ ಬಿದ್ದಿತ್ತು. ವಾರ ಕಳೆಯುವುದರೊಳಗೆ ಎರಡು ಮೇಕೆ ಸತ್ತವು. ಕಲ್ಲಿನ ವಿಷ ನೀರಿಗೆ ಇಳಿದಿದೆ ಎಂಬ ಮಾತು ಹಬ್ಬಿತು. ಎರಡನ್ನೂ ಪರೀಕ್ಷಿಸಿ ವರದಿ ಕೊಡಿ ಎಂದು ತಾಲೂಕಿನಿಂದ ಪತ್ರ ಬಂತು.

ನಾನೇ ಹೋಗಿದ್ದೆ. ಆಕಾಶದಿಂದ ಬಿದ್ದ ಕಲ್ಲನ್ನು ಕೈಯಲ್ಲಿ ಹಿಡಿಯುವ ಯೋಗ ನಮ್ಮಂಥ ನೀರು ನೋಡುವವರಿಗೆ ಎಲ್ಲಿ ಬರಬೇಕು? ಭೂಮಿ ಆಗುವ ಮೊದಲಿನ ಒಂದು ಗ್ರಹದ ಚೂರು ಅದು ಇದ್ದೀತು ಎಂಬ ಉಬ್ಬಿನಲ್ಲಿ ಜೀಪು ಇಳಿದೆ. ಹೊಲದ ಯಜಮಾನ ಎಪ್ಪತ್ತು ದಾಟಿದ ಕಾಕಾ. ಸುತ್ತಿನ ಊರುಗಳ ಶರಣರ ಮನೆಗಳ ಇಷ್ಟಲಿಂಗಕ್ಕೆ ಕಂತಿ ಕಟ್ಟುವುದು ಅವರ ಕಸುಬು. ಲಿಂಗದ ಮೇಲಿನ ಆ ಹೊಳೆಯುವ ಕಪ್ಪು ಲೇಪ ಸವೆದರೆ, ಬಿರುಕು ಬಿಟ್ಟರೆ ಜನ ಅವರ ಬಳಿಯೇ ಒಯ್ಯುತ್ತಿದ್ದರು. ಬಿದ್ದ ಕಲ್ಲನ್ನು ಅವರು ಪಡಸಾಲೆಯ ಗೂಡಿನಲ್ಲಿ ಹಿತ್ತಾಳೆಯ ಬೋಗುಣಿಯೊಳಗೆ ಇಟ್ಟಿದ್ದರು.

"ಪೂಜಾ ಮಾಡ್ತೀರೇನ್ರಿ ಕಾಕಾ?" ಎಂದು ಕೇಳಿದೆ.

"ಪೂಜಾ ಯಾಕ ಅವ್ವಾ? ಕೊರಳಾಗ ಲಿಂಗ ಅದಲ್ಲ. ಇದು ಮ್ಯಾಲಿಂದ ಬಂದ ಅತಿಥಿ. ಮನಿಗಿ ಬಂದವ್ರಿಗಿ ನೀರು ಕೊಟ್ಟೇ ನಾವು ಕುಡೀಬೇಕು."

ಕೊಡದಿಂದ ಒಂದು ತಂಬಿಗೆ ನೀರನ್ನು ಕಲ್ಲಿನ ಮೇಲೆ ಸುರಿದು, ಬೋಗುಣಿಯ ನೀರನ್ನು ಮತ್ತೆ ಕೊಡಕ್ಕೇ ಹಾಕಿ, ಅದರಿಂದ ನನಗೊಂದು ಲೋಟ ಕೊಟ್ಟರು. ಕುಡಿದೆ. ಭಾಲ್ಕಿಯ ನಮ್ಮ ಮನೆಯಲ್ಲೂ ಲಿಂಗಕ್ಕೆ ಅರ್ಪಿಸದ ನೀರು ಗಂಟಲಿಗೆ ಇಳಿಯುವುದಿಲ್ಲ. ಹಾಗಾಗಿ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಕಲ್ಲಿಗೆ ಸುತ್ತಿಗೆ ತಾಗಿಸಲು ಕಾಕಾ ಬಿಡಲಿಲ್ಲ. ಬಿದ್ದಾಗಲೇ ಒಂದು ಮೂಲೆ ಮುರಿದಿತ್ತು, ಅದನ್ನು ಕೊಟ್ಟರು. ಸುತ್ತ ಕಪ್ಪಗೆ, ನುಣ್ಣಗೆ ಇತ್ತು. ಗಾಳಿಯಲ್ಲಿ ಉರಿದು ಬಂದ ಕಲ್ಲಿನ ಮೈ ಕಪ್ಪಾಗಿರುತ್ತದೆ ಎಂದು ಓದಿದ್ದೆ, ಇದೇ ಅದು ಅಂದುಕೊಂಡೆ. ಅಯಸ್ಕಾಂತ ಹಿಡಿದರೆ ಚೂರು ಟಕ್ಕನೆ ಅಂಟಿತು. ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದೆ.

ಇನ್ನು ನೀರು. ಬಾವಿಯ ತಳ ಬಹಳ ಕೆಳಗಿತ್ತು, ಕಟ್ಟೆಯ ಸುತ್ತ ಕೊಡ ಹಿಡಿದ ಹೆಂಗಸರ ಸಾಲು. ಆ ಹೆಂಗಸರ ನಡುವೆ ನುಗ್ಗಿ ಹಗ್ಗ ಕೇಳುವುದಕ್ಕೆ ನಾಚಿಕೆಯಾಯಿತು. ಜೀಪಿನವನು ಬೇರೆ ಅವಸರ ಮಾಡುತ್ತಿದ್ದ. "ಇದೂ ಅದೇ ಬಾವಿ ನೀರು ಅವ್ವಾ, ಈಗ ತಂದಿದ್ದು" ಎಂದು ಕಾಕಾ ಕೊಡ ತೋರಿಸಿದರು. ಕೊಡದಿಂದಲೇ ಶೀಸೆ ತುಂಬಿ, ನಿಯಮದಂತೆ ಎರಡು ಹನಿ ಆಮ್ಲ ಹಾಕಿ ಬಿರಡೆ ಬಿಗಿದೆ. ಮಾದರಿ ಫಾರಂನ ಮೂರನೆಯ ಕಾಲಮಿನಲ್ಲಿ, ಎಲ್ಲಿಂದ ತೆಗೆದದ್ದು ಎಂಬಲ್ಲಿ, 'ಬಾವಿಯಿಂದ ನೇರವಾಗಿ' ಎಂದು ಬರೆದೆ. ಬರೆಯುವಾಗ ಕೈ ಒಂದಿಷ್ಟೂ ಅಳುಕಲಿಲ್ಲ.

ಈಗ ಅದೇ ನೀರಿನಲ್ಲಿ ಸೀಸ. ಕಲ್ಲಿನಲ್ಲೂ ಸೀಸ, ಅದೂ ರಾಶಿಗಟ್ಟಲೆ.

ಎರಡನೆಯ ಸಲ ಓಡಿಸಿದೆ, ಅದೇ ಅಂಕಿ. ಆಮ್ಲದಲ್ಲೇ ಕಲಬೆರಕೆಯೋ ಎಂದು ಬರೀ ಆಮ್ಲ ಓಡಿಸಿದೆ. ಅದು ಶುದ್ಧವಿತ್ತು. ಪಾತ್ರೆಗಳನ್ನು ತೊಳೆದ ನೀರು ನೋಡಿದೆ, ಅದೂ ಶುದ್ಧ. ತಪ್ಪು ಹುಡುಕಿದಷ್ಟೂ ಸೀಸವೇ ಗಟ್ಟಿಯಾಗುತ್ತ ಹೋಯಿತು. ಪ್ರಯೋಗಾಲಯದ ಮುಖ್ಯಸ್ಥರನ್ನು ನಾವು ಸರ್ ಅನ್ನುತ್ತಿದ್ದೆವು. ಅವರು ಹಿಂದೆ ಬಂದು ನಿಂತು ಪರದೆ ನೋಡಿದರು.

"ಎರಡರಾಗೂ ಅದ ಅಂದ್ರ ಇನ್ನೇನ್ ಉಳೀತ್ರಿ? ಬಾವಿ ಇವತ್ತೇ ಮುಚ್ಚಿಸ್ಬೇಕು. ಮಕ್ಕಳು ಕುಡೀಲತ್ತಾರ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಹಿ ಹಾಕಿದೆ. ಫೋನು ಹೋಯಿತು. ಸಂಜೆಯೊಳಗೆ ಬಾವಿಗೆ ಮುಳ್ಳುಬೇಲಿ ಬಿತ್ತು, ಎರಡು ದಿನಕ್ಕೊಮ್ಮೆ ಟ್ಯಾಂಕರ್ ಕಳಿಸುತ್ತೇವೆ ಎಂದು ತಾಲೂಕಿನವರು ಹೇಳಿದರಂತೆ. ಮರುದಿನ ಕಾಕಾನ ನೆರೆಮನೆಯ ಹೆಂಗಸು ನನಗೆ ಫೋನ್ ಮಾಡಿದಳು. ನಾನು ಊರಿಗೆ ಹೋಗಿದ್ದ ದಿನ ನನ್ನ ನಂಬರು ಬರೆದುಕೊಂಡಿದ್ದಳು.

"ಮೇಡಮ್ಮೋರ, ಖರೇನ ವಿಷ ಅದೇನ್ರಿ? ಮುಂಜಾನಿ ಎರಡು ಮನಿಯವ್ರು ಗಂಟು ಕಟ್ಕೊಂಡು ಪುಣಾಕ ಹೋದ್ರು. ನೀರು ಇದ್ದಿದ್ದಕ್ಕ ಇಷ್ಟು ದಿನ ನಿಂತಿದ್ರು. ನಾವೂ ಹೋಗ್ಬೇಕೋ ಏನು ಹೇಳ್ರಿ."

"ಇನ್ನೊಂದು ಸಲ ನೋಡಿ ಹೇಳ್ತೇನಿ" ಎಂದೆ. ಫೋನಿಟ್ಟೆ. ನಾನು ಮೊದಲೇ ಪುಕ್ಕಲಿ, ಹಲ್ಲಿ ಬಿದ್ದರೂ ಬೆಚ್ಚುವವಳು. ಆದರೆ ಈ ಹೆದರಿಕೆ ಬೇರೆ ಥರದ್ದು. ನನ್ನ ಒಂದು ಸಹಿಗೆ ಎರಡು ಮನೆ ಖಾಲಿಯಾಗಿದ್ದವು.

ವರದಿಯನ್ನು ಮತ್ತೆ ಹರಡಿಕೊಂಡು ಕೂತೆ. ಕಲ್ಲಿನಲ್ಲಿ ನಿಕ್ಕಲ್ ಬಹಳ ಇತ್ತು. ನೆಲದ ಕಲ್ಲಿನಲ್ಲಿ ಹುಡುಕಿದರೂ ಸಿಗದ ಇರಿಡಿಯಂ ಕೂಡ ಇತ್ತು. ಅಂದರೆ ಆಕಾಶದ ಕಲ್ಲು ಎನ್ನುವುದು ಸುಳ್ಳಲ್ಲ. ಆದರೆ ಸೀಸ? ಇಂಥ ಕಲ್ಲುಗಳಲ್ಲಿ ಅದು ಕಂಡೂ ಕಾಣದಷ್ಟು ಇರುತ್ತದೆ. ಮೇಲಾಗಿ ಸೀಸ ಬಿಸಿ ತಡೆಯುವುದಿಲ್ಲ, ಬೇಗ ಆವಿಯಾಗಿ ಹೋಗುತ್ತದೆ. ಉರಿದುಕೊಂಡು ಬಂದ ಕಲ್ಲಿನ ಹೊರಮೈಯಲ್ಲಿ ಇಷ್ಟು ಸೀಸ ಹೇಗೆ ಉಳಿಯಿತು? ಬಿದ್ದ ಮೇಲೆ ಮೆತ್ತಿಕೊಂಡಿರಬೇಕು. ಯಾರು ಮೆತ್ತಿದರು?

ಆಗ ಕಣ್ಣಿಗೆ ಕಟ್ಟಿದ್ದು ಆ ಮುರಿದ ಮೂಲೆ. ಅದು ಸುತ್ತಲೂ ಕಪ್ಪಗಿತ್ತು. ನೆಲಕ್ಕೆ ಬಿದ್ದಾಗ ಮುರಿದದ್ದಾದರೆ, ಮುರಿದ ಮುಖ ಉರಿಯನ್ನೇ ಕಂಡಿರುವುದಿಲ್ಲ. ಅದು ಕಪ್ಪಾಗಿರಬಾರದಿತ್ತು. ಕಾಕಾನ ಕಸುಬು ನೆನಪಾಯಿತು. ಅದರ ಹಿಂದೆಯೇ ತಂಬಿಗೆ, ಬೋಗುಣಿ, ಕೊಡ ಒಂದೊಂದಾಗಿ ನೆನಪಾದವು. ನಾನು ತಂದದ್ದು ಬಾವಿಯ ನೀರಲ್ಲ, ಕಲ್ಲು ತೊಳೆದ ನೀರು. ಕಣ್ಣೆದುರೇ ನಡೆದದ್ದನ್ನು ನಾನು ನೋಡಿಯೂ ನೋಡಿರಲಿಲ್ಲ, ನಮ್ಮ ಮನೆಯಲ್ಲೂ ಹಾಗೇ ಮಾಡುತ್ತೇವಲ್ಲ! ಬೇರೆ ಯಾವ ಊರಿನವರು ಹೋಗಿದ್ದರೂ ಇದೇನು ಎಂದು ಕೇಳುತ್ತಿದ್ದರು.

ಇನ್ನು ಸರ್ ಮುಂದೆ ಹೋಗಬೇಕು. ಸುಮ್ಮನೆ ಎರಡನೆಯ ಮಾದರಿ ತರಿಸಿ, ಮೊದಲನೆಯದರ ಬಗ್ಗೆ ಬಾಯಿ ಬಿಡದಿದ್ದರಾಯಿತು ಎಂದು ಮನಸ್ಸು ಹೇಳುತ್ತಿತ್ತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಕಾರಣ ಹೇಳದೆ ಬಾವಿ ಮತ್ತೆ ತೆರೆಯುವವರು ಯಾರು? ಅರ್ಧ ಗಂಟೆ ಬಾಗಿಲ ಹೊರಗೇ ನಿಂತಿದ್ದು ಒಳಗೆ ಹೋದೆ.

"ಸರ್, ಫಾರಂನಾಗ ಸುಳ್ಳು ಬರದೀನ್ರಿ. ನೀರು ಬಾವಿದಲ್ಲ, ಕಾಕಾನ ಕೊಡದ್ದು."

ಸರ್ ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀರು ನಾನೇ ಹೋಗಿ ಸೇದಿ ತರ್ತೇನಿ. ನಿಮ್ಮ ಕೈಯಿಂದ ಬ್ಯಾಡ" ಅಂದರು. "ಕಲ್ಲಿನ ಒಳಗಿನ ಚೂರೂ ಬೇಕು. ಕಲ್ಲು ಶುದ್ಧ ಅದ ಅಂತ ತೋರಸ್ದ ತನಕ ಆ ಮಂದಿ ಬಾವಿ ನೀರು ಮುಟ್ಟಂಗಿಲ್ಲ. ಅದು ನಿಮ್ಮ ಜವಾಬ್ದಾರಿ. ಇನ್ನೊಂದು, ಆರ್ಗಾನ್ ಒಂದೇ ಸಿಲಿಂಡರ್ ಉಳದದ. ಹೈದರಾಬಾದಿನಿಂದ ಮುಂದಿನ ಲೋಡು ಯಾವಾಗ ಬರ್ತದೋ ಗೊತ್ತಿಲ್ಲ. ಒಂದೇ ಸಲ ಓಡಸ್ಬೇಕು."

ನೆರೆಮನೆಯ ಹೆಂಗಸಿಗೆ ಫೋನ್ ಮಾಡಿದೆ. ಕಾಕಾ ಊರಲ್ಲಿಲ್ಲ. ಓಣಿಯವರೆಲ್ಲ ಸೇರಿ, ಈ ಕಲ್ಲು ಊರಲ್ಲಿದ್ದರೆ ನಾವಿರುವುದಿಲ್ಲ ಎಂದರಂತೆ. ವಿಷವನ್ನು ಹೊಲದಲ್ಲಿ ಎಸೆಯುವ ಹಾಗಿಲ್ಲ, ಹೊಳೆಗೆ ಬಿಡೋಣವೆಂದರೆ ಮಾಂಜರಾದಲ್ಲಿ ನೀರಿಲ್ಲ.

"ಗೋದಾವರಿಗಿ ಬಿಟ್ಟು ಬರ್ತೇನಿ ಅಂತ ಔರಾದಕ ಮಗಳ ಮನಿಗಿ ಹೋಗ್ಯಾರ್ರಿ. ನಾಳಿ ಮುಂಜಾನಿ ಅಲ್ಲಿಂದ ನಾಂದೇಡ ಬಸ್ಸಿಗಿ ಹೋಗ್ತಾರ."

ಮರುದಿನ ಸರ್ ಜೀಪಿನಲ್ಲಿ ಮೆಹಕರಕ್ಕೆ ಹೊರಟರು. ನಾನು ಬೀದರಿನಿಂದ ಮೊದಲ ಬಸ್ಸಿಗೆ ಔರಾದಕ್ಕೆ ಹೊರಟೆ. ಆ ದಾರಿಯುದ್ದಕ್ಕೂ ನಾನು ಕಿಟಕಿಯ ಸರಳು ಬಿಡಲಿಲ್ಲ. ಬಸ್ಸು ಪ್ರತಿ ಹಳ್ಳಿಯಲ್ಲೂ ನಿಲ್ಲುತ್ತಿತ್ತು. ಗಂಟು, ಸ್ಟೌ, ಚಾಪೆ ಹೊತ್ತವರು ಹತ್ತುತ್ತಿದ್ದರು. ಅವರಲ್ಲಿ ಒಬ್ಬರೂ ಮೆಹಕರದವರಾಗಿರದಿರಲಿ ಎಂದು ಒಬ್ಬೊಬ್ಬರ ಮುಖ ನೋಡಿದೆ. ಕಲ್ಲು ಗೋದಾವರಿಗೆ ಬಿದ್ದರೆ ನನ್ನ ಸುಳ್ಳು ಶಾಶ್ವತವಾಗಿ ನಿಜವಾಗುತ್ತದೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಔರಾದ ಬಸ್‌ನಿಲ್ದಾಣದಲ್ಲಿ ನಾಂದೇಡದ ಬಸ್ಸು ಆಗಲೇ ಶುರುವಾಗಿ ಗುರುಗುಟ್ಟುತ್ತಿತ್ತು. ಕಾಕಾ ಮೂರನೆಯ ಸೀಟಿನಲ್ಲಿ ತೊಡೆಯ ಮೇಲೆ ಬಿಳಿ ವಸ್ತ್ರದ ಗಂಟಿಟ್ಟುಕೊಂಡು ಕೂತಿದ್ದರು. ಕಿಟಕಿಗೆ ಹೋಗಿ ಜೋತುಬಿದ್ದೆ.

"ಕಾಕಾ, ಇಳೀರಿ. ಕಲ್ಲಿಂದೇನೂ ತಪ್ಪಿಲ್ಲ, ನಂದೇ ತಪ್ಪದ."

ಅವರು ಗಾಬರಿಯಿಂದ ನೋಡಿದರು, ಆದರೆ ಇಳಿದರು. ಕಂಡಕ್ಟರ್ ಏನೋ ಬೈದು ಸೀಟಿ ಊದಿದ. ಬಸ್ಸು ಹೋಯಿತು. ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ಕೇಳಿದೆ.

"ಆ ಮುರದ ಮೂಲಿಗಿ ಏನು ಹಚ್ಚೀರಿ?"

"ಕಂತಿ ಹಚ್ಚೀನಿ. ಮುರದ ಜಾಗಾ ಬತ್ತಲಿ ಬಿಡಬಾರದು ಅವ್ವಾ. ಲಿಂಗ ಇರ್ಲಿ, ಕಲ್ಲಿರ್ಲಿ, ಗಾಯ ಗಾಯನೇ. ಎರಡೂ ಕಡಿ ಹಚ್ಚಿ ನುಣ್ಣಗ ಮಾಡೀನಿ."

"ಕಂತಿಗಿ ಏನೇನು ಹಾಕ್ತೀರಿ?"

"ಗೇರೆಣ್ಣಿ, ವಿಭೂತಿ, ದೀಪದ ಕಾಡಿಗಿ." ಇಷ್ಟು ಹೇಳಿ ತಡೆದರು. "ಈ ಸಲ ಕಾಡಿಗಿ ಕಮ್ತಿ ಬಿತ್ತು. ಮನ್ಯಾಗ ಬೀದರಿಂದ ತಂದ ಸುರ್ಮಾ ಇತ್ತು, ಕಣ್ಣಿಗಿ ಹಚ್ಚೋದು. ಅದೂ ಕರ್ರಗೇ ಅದಲಾ ಅಂತ ಕಲಸಿದೆ."

ಸುರ್ಮಾ! ಎಷ್ಟೋ ಸುರ್ಮಾಗಳು ಸೀಸದ ಅದಿರನ್ನು ಅರೆದು ಮಾಡಿದವೇ. ಹೇಗೆ ಹೇಳುವುದೆಂದು ತಿಳಿಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಕಾನ ಮುಖದ ಬಣ್ಣ ಇಳಿದುಹೋಯಿತು.

"ಅಂದ್ರ ನನ್ನ ಕೈಯಿಂದ ವಿಷ ಹೋತೇನು? ಆ ನೀರು ದಿನಾ ನಾನು ಕುಡದೀನಿ. ನೋಡ್ಲಾಕ ಬಂದ ನಾಕೈದು ಹಿರ್ಯಾರಿಗಿ ಕೊಟ್ಟೀನಿ. ನಿಂಗೂ ಕೊಟ್ಟೀನಲ್ಲವ್ವಾ!"

ಹೌದು, ನಾನೂ ಕುಡಿದಿದ್ದೆ. ಅಷ್ಟು ಹೊತ್ತಿನ ತನಕ ಅದು ನನಗೆ ಹೊಳೆದಿರಲೇ ಇಲ್ಲ.

"ಮಂದಿ ಲಿಂಗಕ್ಕೂ ಸುರ್ಮಾ ಹಾಕೀರೇನ್ರಿ?" ಎಂದು ಕೇಳಿದೆ.

"ಇಲ್ಲ. ಗುರುವಿನ ಆಣಿ. ಕಲ್ಲಿಗಷ್ಟೇ."

ಒಳಗಿನ ಚೂರು ಬೇಕು, ಕಲ್ಲು ಒಡೆಯಬೇಕು ಎಂದೆ. ಅವರು ಗಂಟನ್ನು ಎದೆಗೆ ಒತ್ತಿಕೊಂಡರು. ಒಡೆಯದಿದ್ದರೆ ಬಾವಿ ತೆರೆಯುವುದಿಲ್ಲ ಎಂದು ಹೇಳಿದೆ. ಅವರ ಚಹಾ ಆರಿ ಕೆನೆ ಕಟ್ಟಿತು. ಕೊನೆಗೆ ಎದ್ದು ನಿಂತರು.

"ನಡಿ. ಹೊಡಿಯೋದಾದ್ರ ನಾನೇ ಹೊಡಿತೇನಿ. ಬ್ಯಾರೆ ಯಾರೂ ಮುಟ್ಟಬಾರದು."

ಮಧ್ಯಾಹ್ನ ಬೀದರಿನ ಪ್ರಯೋಗಾಲಯದಲ್ಲಿ, ತೊಳೆದ ಸುತ್ತಿಗೆ ಹಿಡಿದು, ಹೊಸ ಬಟ್ಟೆಯಲ್ಲಿ ಸುತ್ತಿದ ಕಲ್ಲಿನ ಮುಂದೆ ಕೂತು ಅವರು "ತಪ್ಪಾಯ್ತಪ್ಪಾ, ಮನಿಗಿ ಬಂದವನಿಗಿ ಹೊಡಿಲತ್ತೀನಿ" ಎಂದು ಕೈ ಮುಗಿದರು. ಮೂರನೆಯ ಏಟಿಗೆ ಕಲ್ಲು ಬಿಚ್ಚಿತು. ಒಳಗೆ ಜೋಳದ ನುಚ್ಚಿನಂಥ ಬೂದು ಕಾಳುಗಳು, ನಡುನಡುವೆ ಲೋಹದ ಮಿನುಗು. ನಮ್ಮ ಭೂಮಿಗಿಂತ ಹಳೆಯ ಕಾಳುಗಳು. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಅಂದು ಇಕ್ಕಳದಿಂದ ನಟ್ಟನಡುವಿನ ಚೂರೊಂದನ್ನು ಎತ್ತಿ ನೇರ ಆಮ್ಲಕ್ಕೆ ಹಾಕಿದೆ.

ಚೂರು ಆಮ್ಲದಲ್ಲಿ ಕರಗಲು ಒಂದು ರಾತ್ರಿ ಹಿಡಿಯಿತು. ಮಾರನೆಯ ಬೆಳಿಗ್ಗೆ ಶೀಸೆಗಳನ್ನು ಸಾಲಾಗಿ ಇಟ್ಟೆ. ಮೊದಲು ಬರೀ ಆಮ್ಲ, ಆಮೇಲೆ ಎಷ್ಟು ಸೀಸ ಇದೆಯೆಂದು ಮೊದಲೇ ಗೊತ್ತಿರುವ ಅಳತೆಯ ದ್ರಾವಣ, ಸರ್ ಸೇದಿ ತಂದ ಬಾವಿಯ ನೀರು, ಕಲ್ಲಿನ ಒಳಚೂರು, ಮೇಲಿನಿಂದ ಕೆರೆದ ಕಂತಿ, ಕೊನೆಗೆ, ನಾನು ಔರಾದದಿಂದ ಫೋನ್ ಮಾಡಿ ಮೆಹಕರದಿಂದ ಸರ್ ಕೈಯಲ್ಲೇ ತರಿಸಿದ ಕಾಕಾನ ಸುರ್ಮಾ. ಉರಿ ಹೊತ್ತಿತು. ಬಾವಿಯ ನೀರಿನ ಸರದಿ ಬರುವಷ್ಟರಲ್ಲಿ ಕರೆಂಟು ಜಗ್ಗಿ, ಯಂತ್ರ ತಂಪು ಮಾಡುವ ಪಂಪು ನಿಂತು, ಉರಿ ನಂದಿತು. ಸಿಲಿಂಡರಿನ ಮುಳ್ಳು ಕೆಂಪು ಗೆರೆಯ ಹತ್ತಿರವಿತ್ತು. ಮತ್ತೆ ಹೊತ್ತಿಸಬೇಕೆಂದರೆ ಇನ್ನಷ್ಟು ಅನಿಲ ಬೇಕು. ನಾನು ಸರ್ ಕಡೆ ನೋಡಿದೆ.

"ನನ್ನ ಯಾಕ ನೋಡ್ತೀರಿ? ಸುರ್ಮಾ ಬಿಟ್ಟು ಉಳದದ್ದು ಓಡಸ್ರಿ" ಅಂದರು.

"ಇಲ್ರಿ ಸರ್, ಸುರ್ಮಾನೂ ಬೇಕು" ಎಂದೆ. ಅವರ ಮಾತು ಮೀರಿದ್ದು ಅದೇ ಮೊದಲು. ಸೀಸ ಎಲ್ಲಿಂದ ಬಂತೆಂದು ತೋರಿಸದಿದ್ದರೆ, ಇಲ್ಲ ಎಂದಷ್ಟೇ ಹೇಳಿದರೆ, ಆ ಓಣಿಯವರು ನನ್ನನ್ನು ಯಾಕೆ ನಂಬಬೇಕು? ಅಳತೆಯ ದ್ರಾವಣವನ್ನು ಮತ್ತೊಮ್ಮೆ ಓಡಿಸುವಾಗ ಸಮಯ ಅರ್ಧಕ್ಕೆ ಇಳಿಸಿ ಅನಿಲ ಉಳಿಸಿಕೊಂಡೆ.

ಬಾವಿಯ ನೀರಿನಲ್ಲಿ ಇನ್ನೂರ ಎಂಟರ ಗೆರೆ ಏಳಲೇ ಇಲ್ಲ. ಕಲ್ಲಿನ ಒಳಚೂರಿನಲ್ಲಿ ಇತ್ತೋ ಇಲ್ಲವೋ ಎಂಬಷ್ಟು, ನಿಕ್ಕಲ್ ಮಾತ್ರ ಪರದೆಯ ತುಂಬ. ಕಂತಿಗೆ ಬಂದಾಗ ಸೀಸದ ಮೂರು ಗೆರೆ, ಇನ್ನೂರ ಆರು, ಏಳು, ಎಂಟು, ಭರ್ರನೆ ಎದ್ದವು. ಸುರ್ಮಾಕ್ಕೂ ಅದೇ ಮೂರು. ಸೀಸ ಬಂದ ಗಣಿ ಬೇರೆಯಾದರೆ ಈ ಮೂರರ ಪ್ರಮಾಣ ಸಾಮಾನ್ಯವಾಗಿ ಬೇರೆಯಾಗುತ್ತದೆ. ಇಲ್ಲಿ ಬೇರೆಯಾಗಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ಕಾಕಾ ಬೆರಳಿನಿಂದಲೇ ಪರದೆಯ ಮೇಲೆ ಅಳೆದರು.

"ಎರಡೂ ಒಂದೇ ಅವ" ಅಂದರು. ನಾನು ವಿವರಿಸುವುದು ಏನೂ ಉಳಿದಿರಲಿಲ್ಲ.

ಸರ್ ಕಾಕಾನನ್ನೂ, ಆ ನಾಲ್ಕೈದು ಹಿರಿಯರನ್ನೂ, ನನ್ನನ್ನೂ ಡಾಕ್ಟರ ಬಳಿ ಕಳಿಸಿದರು. ಕಾಕಾನ ರಕ್ತದಲ್ಲಿ ಮಾತ್ರ ಸೀಸ ಏರಿತ್ತು. ಇನ್ನು ಒಳಗೆ ಹೋಗದಿದ್ದರೆ ತಾನಾಗಿ ಇಳಿಯುತ್ತದೆ, ತಪ್ಪದೆ ಬಂದು ತೋರಿಸಿ ಎಂದರು ಡಾಕ್ಟರು. ಮೇಕೆಗಳು ಯಾಕೆ ಸತ್ತವೋ ಕೊನೆಗೂ ತಿಳಿಯಲಿಲ್ಲ, ಹೂತುಬಿಟ್ಟಿದ್ದರು.

ಬೇಲಿ ತೆಗೆಯುವ ದಿನ ಮೆಹಕರಕ್ಕೆ ಹೋದೆವು. ಸರ್ ವರದಿ ಓದಿ ಹೇಳಿದರು. ಒಬ್ಬರೂ ಅಲುಗಲಿಲ್ಲ. ನಾನು ಮುಂದೆ ಹೋಗಿ, ಮೊದಲ ವರದಿ ತಪ್ಪಾದದ್ದು ನನ್ನಿಂದ, ಬಾವಿಯಲ್ಲಿ ಸೇದದೆಯೇ ಬಾವಿಯಿಂದ ತೆಗೆದೆ ಎಂದು ಬರೆದಿದ್ದೆ ಎಂದೆ. ಕಟ್ಟೆ ಹಿಡಿದುಕೊಂಡಿದ್ದೆ. ಹೊಡೆಯುತ್ತಾರೆ ಎಂದೇ ನಂಬಿದ್ದೆ. ನೆರೆಮನೆಯ ಹೆಂಗಸು ಕೊಡ ಕೆಳಗಿಟ್ಟು ಹಗ್ಗವನ್ನು ನನ್ನ ಕೈಗೆ ಕೊಟ್ಟಳು.

"ಅವತ್ತ ಸೇದಿಲ್ಲಂದ್ರಲಾ. ಇವತ್ತ ಸೇದ್ರಿ. ನೀವೇ ಮೊದಲ ಕುಡೀರಿ."

ಸೇದಿದೆ. ನೀರು ಮೇಲೆ ಬರುವ ಹೊತ್ತಿಗೆ ಅಂಗೈ ಸುಲಿದಿತ್ತು. ನನ್ನದೇ ಯಂತ್ರ, ನನ್ನದೇ ಅಂಕಿ, ಆದರೂ ಬೊಗಸೆ ಬಾಯಿಗೆ ಒಯ್ಯುವಾಗ ಹೆದರಿದೆ. ಇದನ್ನು ಮುಚ್ಚಿಟ್ಟು ಏನು ಮಾಡಲಿ? ಕಣ್ಣು ಮುಚ್ಚಿ ಕುಡಿದೆ. ಆಮೇಲೆ ಕಾಕಾ ಮುಂದೆ ಬಂದು, ಕೊರಳ ಲಿಂಗಕ್ಕಷ್ಟೇ ತೋರಿಸಿ, ಅದೇ ನೀರು ಕುಡಿದರು. ಹೆಂಗಸರು ಇನ್ನೂ ಸ್ವಲ್ಪ ಹೊತ್ತು ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದು ಒಬ್ಬೊಬ್ಬರಾಗಿ ಕೊಡ ಹಿಡಿದು ಬಂದರು.

ಆ ಸಾಲಿನ ಹಿಂದೆ ಬೀಗ ಹಾಕಿದ ಎರಡು ಬಾಗಿಲು ಕಾಣುತ್ತಿದ್ದವು. ಪುಣೆಗೆ ಹೋದವರ ನಂಬರು ಇಸಕೊಂಡು ಅಲ್ಲಿಂದಲೇ ಫೋನ್ ಮಾಡಿದೆ. ಒಂದು ಮನೆಯವರು ವಾರದಲ್ಲಿ ವಾಪಸು ಬಂದರು. ಇನ್ನೊಂದು ಮನೆಯ ಯಜಮಾನ ನಾನು ಹೇಳಿದ್ದನ್ನೆಲ್ಲ ಕೊನೆಯ ತನಕ ಕೇಳಿಸಿಕೊಂಡ. ಕಲ್ಲು, ಕಂತಿ, ಸುರ್ಮಾ, ನನ್ನ ಫಾರಂ, ಎಲ್ಲವನ್ನೂ ಹೇಳಿದೆ. ಅವನ ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದಾಗುತ್ತಿತ್ತು.

"ಇರ್ಲಿ ಬಿಡ್ರಿ ಮೇಡಮ್ಮೋರ" ಅಂದ. "ನಾವು ಮೂರು ಎಮ್ಮಿ ಮಾರಿ ಬಂದೀವಿ. ಈಗ ನೀರು ಚಲೋ ಅದ ಅಂದ್ರ ಕುಡಿಲಾಕ ಅಲ್ಲಿ ನಮ್ಮವ್ರು ಯಾರು ಅದಾರ?"